ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲೊಂದು ಆವಕ ವಹಿ ಇಡಿ: ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಬೆಂಗಳೂರಿನ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ರೋಗಿ ಕಾಯುವ ಸಮಯವನ್ನು ದಾಖಲಿಸುವ, ಪ್ರಕಟಿಸುವ ಮತ್ತು ತಗ್ಗಿಸುವ ಬಗ್ಗೆ.

ಮಾನ್ಯರೇ,

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಕೊನೆಗೆ ಅಧೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು, ಮನೆ ಹನುಮಂತನಗರದಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಆವಕ ವಹಿ. ಕಚೇರಿಯೊಳಗೆ ಬಂದ ಕಾಗದ ಎಷ್ಟೇ ಕ್ಷುಲ್ಲಕವಾಗಿರಲಿ, ಅದಕ್ಕೊಂದು ಸಂಖ್ಯೆ, ಒಂದು ದಿನಾಂಕ, ಯಾರ ಮೇಜಿಗೆ ಹೋಯಿತು ಎಂಬ ನಮೂದು ಇರಲೇಬೇಕು ಎಂದು ನನ್ನ ಹಿರಿಯರು ಕಲಿಸಿದರು. ವಹಿಯಲ್ಲಿಲ್ಲದ ಕಾಗದ ಬಂದೇ ಇಲ್ಲ ಎಂಬುದು ಕಚೇರಿಯ ನ್ಯಾಯ. ಈ ಹಳೆಯ ಪಾಠವನ್ನು ತಮಗೆ ನೆನಪಿಸಬೇಕಾಗಿ ಬಂದದ್ದು ನನ್ನ ಅಕ್ಕನ ಕಾರಣದಿಂದ.

ಕಳೆದ ವರ್ಷ ಆಷಾಢದ ಒಂದು ಸಂಜೆ, ಎಪ್ಪತ್ತಾರು ವರ್ಷದ ಅಕ್ಕನಿಗೆ ಎರಡು ದಿನದಿಂದ ಇದ್ದ ಜ್ವರ ಏರಿ, ಉಸಿರು ಮೇಲೆ ಕೆಳಗೆ ಆಗಿ, ಮಾತು ತಪ್ಪತೊಡಗಿತು. ನನ್ನನ್ನು ನಮ್ಮ ತಂದೆಯ ಹೆಸರಿನಿಂದ ಕರೆದಾಗ ನಮಗೆ ಭಯವಾಯಿತು. 108ಕ್ಕೆ ಕರೆ ಮಾಡುವುದು ಬಿಟ್ಟು ಎದುರುಮನೆಯವರ ಕಾರಿನಲ್ಲಿ ಹೊರಟೆವು; ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ರಾತ್ರಿ 8 ಗಂಟೆ 5 ನಿಮಿಷಕ್ಕೆ ಮೊದಲ ಆಸ್ಪತ್ರೆ ತಲುಪಿದೆವು. ಡ್ಯೂಟಿ ಡಾಕ್ಟರ್ ಅಕ್ಕನನ್ನು ನೋಡಿದ್ದು 9.20ಕ್ಕೆ. ಒಂದು ಬಾಟಲಿ ಗ್ಲೂಕೋಸ್ ಹಾಕಿ, 10.15ರ ಹೊತ್ತಿಗೆ, 'ಐಸಿಯು ಹಾಸಿಗೆ ಲಭ್ಯವಿಲ್ಲದ ಕಾರಣ ಉನ್ನತ ಕೇಂದ್ರಕ್ಕೆ ಕಳುಹಿಸಲಾಗಿದೆ' ಎಂದು ಬರೆದ ಚೀಟಿ ಕೊಟ್ಟರು. ಯಾವ ಕೇಂದ್ರ ಎಂದು ಚೀಟಿಯಲ್ಲಿ ಇರಲಿಲ್ಲ. ಕೇಳಿದರೆ, "ಎಲ್ಲಾದರೂ ನೋಡಿ, ಬೇಗ ಹೋಗಿ" ಎಂದರು. ಎರಡನೆಯದು ಖಾಸಗಿ ಆಸ್ಪತ್ರೆ. ಅಲ್ಲಿ ಅಕ್ಕನನ್ನು ಕಾರಿನಿಂದ ಇಳಿಸಲೂ ಆಗಲಿಲ್ಲ, ಬೆಡ್ ಇಲ್ಲ ಎಂಬ ಮಾತು ಕಾವಲುಗಾರನ ಬಾಯಿಂದಲೇ ಬಂತು. ಮೂರನೆಯ ಆಸ್ಪತ್ರೆ ಸೇರಿಸಿಕೊಂಡಿತು. ಅಲ್ಲಿಗೆ ತಲುಪಿದಾಗ 11.40. ಮೂತ್ರಕೋಶದ ಸೋಂಕು ರಕ್ತಕ್ಕೆ ಏರಿ ನಂಜಾಗಿದೆ, ಅಂದರೆ ಸೆಪ್ಸಿಸ್, ಎಂದು ಅಲ್ಲಿನ ವೈದ್ಯೆ ಗುರುತಿಸಿ ಆಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸಿದಾಗ 12.30. ಆಮೇಲೆ ವಾರ್ಡಿನಲ್ಲಿ ಹಾಸಿಗೆ ಸಿಗುವವರೆಗೆ, ಮರುದಿನ ಬೆಳಗಿನ 11.30ರ ತನಕ, ಅಕ್ಕ ಮಲಗಿದ್ದು ಓಡಾಟದ ದಾರಿಯ ಪಕ್ಕದಲ್ಲಿದ್ದ ಸ್ಟ್ರೆಚರಿನ ಮೇಲೆ. ನಾಲ್ಕನೆಯ ದಿನ ತೀರಿಕೊಂಡಳು.

ಇಷ್ಟು ನಿಖರವಾಗಿ ಸಮಯ ಹೇಳುತ್ತಿದ್ದೇನಲ್ಲ, ಇದು ಯಾವ ಆಸ್ಪತ್ರೆಯ ದಾಖಲೆಯಿಂದಲೂ ಸಿಕ್ಕಿದ್ದಲ್ಲ. ಫೋನಿನಲ್ಲಿದ್ದ ಕರೆಗಳ ಪಟ್ಟಿ, ಔಷಧಿ ಅಂಗಡಿಯ ಬಿಲ್ಲು, ಒಂದು ಪಾರ್ಕಿಂಗ್ ಚೀಟಿ, ಇವನ್ನು ಮುಂದಿಟ್ಟುಕೊಂಡು ನಾನೇ ಜೋಡಿಸಿದ್ದು. ನಮ್ಮನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ ಆಸ್ಪತ್ರೆಯ ಪಾರ್ಕಿಂಗ್ ಚೀಟಿಯ ಮೇಲೆ ಕಾರು ಒಳಬಂದ ಗಂಟೆ, ನಿಮಿಷ ಅಚ್ಚಾಗಿದೆ. ಮೊದಲ ಆಸ್ಪತ್ರೆಯ ಹೊರರೋಗಿ ಚೀಟಿಯ ಮೇಲೆ ಅಕ್ಕನ ಹೆಸರಿದೆ, ವಯಸ್ಸಿದೆ, ದಿನಾಂಕವಿದೆ, ಸಮಯವಿಲ್ಲ.

ಮೂರು ತಿಂಗಳ ನಂತರ ಆ ಮೊದಲ ಆಸ್ಪತ್ರೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ವೈದ್ಯರು ನೋಡಲು ಸರಾಸರಿ ಎಷ್ಟು ಹೊತ್ತಾಗುತ್ತದೆ, ತಿಂಗಳಿಗೆ ಎಷ್ಟು ಜನರನ್ನು ಬೇರೆಡೆಗೆ ಕಳುಹಿಸಲಾಗುತ್ತದೆ, ಅವರು ಎಲ್ಲಿಗೆ ತಲುಪಿದರು ಎಂದು ಕೇಳಿದೆ. 'ಕೋರಿದ ಮಾಹಿತಿಯನ್ನು ನಿರ್ವಹಿಸಲಾಗಿರುವುದಿಲ್ಲ' ಎಂಬ ಉತ್ತರ ಬಂತು. ಅದೇ ಉತ್ತರದ ಉಲ್ಲೇಖದ ಸಾಲಿನಲ್ಲಿ ನನ್ನ ಅರ್ಜಿ ಯಾವ ದಿನ ಸ್ವೀಕೃತವಾಯಿತು, ಅದರ ಆವಕ ಸಂಖ್ಯೆ ಯಾವುದು ಎಂಬುದು ಅಚ್ಚುಕಟ್ಟಾಗಿ ಇದೆ.

ಕಾಯಿಸಿದ್ದರಿಂದಲೇ ಅಕ್ಕ ಸತ್ತಳು ಎಂದು ನಾನು ಹೇಳುತ್ತಿಲ್ಲ. ಅವಳಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯಿತ್ತು, ಎರಡು ದಿನ ಮನೆಯಲ್ಲೇ ಕಷಾಯ ಕುಡಿಸುತ್ತಾ ಕೂತದ್ದು ನಾವು. ಆದರೆ ಈ ಕಾಯುವಿಕೆ ಬರೀ ತಾಳ್ಮೆಯ ಪ್ರಶ್ನೆಯೇ, ಅಥವಾ ಜೀವದ ಪ್ರಶ್ನೆಯೇ ಎಂದು ತಿಳಿಯಬೇಕೆನಿಸಿತು. ಶುಶ್ರೂಷಕಿಯಾಗಿರುವ ನನ್ನ ತಮ್ಮನ ಮಗಳ ನೆರವಿನಿಂದ, ಕಳೆದ ಕೆಲವು ವರ್ಷಗಳಲ್ಲಿ ಹೊರಬಂದಿರುವ ಅಧ್ಯಯನಗಳನ್ನು ಸಾಧ್ಯವಾದಷ್ಟು ಓದಿಸಿಕೊಂಡೆ. ತಮ್ಮ ಇಲಾಖೆಗಳ ತಜ್ಞರಿಗೆ ಇವು ಹೊಸವಲ್ಲ. ಆದರೂ ಒಬ್ಬ ನಾಗರಿಕ ಓದಿದರೆ ಏನು ಅರ್ಥವಾಗುತ್ತದೆ ಎಂಬುದನ್ನು ತಾವು ತಿಳಿಯಬೇಕು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2016ರಿಂದ 2018ರವರೆಗೆ ತುರ್ತು ವಿಭಾಗದಿಂದ ಒಳರೋಗಿಗಳಾಗಿ ದಾಖಲಾದ ಐವತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬಂದ ಹೊತ್ತಿನಿಂದ ಆರರಿಂದ ಎಂಟು ಗಂಟೆ ಕಳೆದರೂ ವಾರ್ಡಿಗೆ ಹೋಗದೆ ಉಳಿದ ಪ್ರತಿ 82 ರೋಗಿಗಳಿಗೆ, ಮೂವತ್ತು ದಿನಗಳೊಳಗೆ ಒಂದು ಸಾವು ಹೆಚ್ಚಾಗಿ ಸಂಭವಿಸಿತ್ತು ಎಂಬುದು ಅದರ ಲೆಕ್ಕ. ಫ್ರಾನ್ಸಿನಲ್ಲಿ 2022ರ ಡಿಸೆಂಬರಿನಲ್ಲಿ 97 ತುರ್ತು ವಿಭಾಗಗಳಲ್ಲಿ ನಡೆದ ಇನ್ನೊಂದು ಅಧ್ಯಯನ ಎಪ್ಪತ್ತೈದು ವರ್ಷ ದಾಟಿದವರನ್ನೇ ಗಮನಿಸಿತು. ಹಾಸಿಗೆ ಸಿಗದೆ ರಾತ್ರಿಯಿಡೀ ತುರ್ತು ವಿಭಾಗದ ಸ್ಟ್ರೆಚರಿನ ಮೇಲೆ ಕಳೆದವರಲ್ಲಿ ಶೇ 15.7 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರೆ, ನಡುರಾತ್ರಿಗೆ ಮೊದಲೇ ವಾರ್ಡಿಗೆ ಹೋದವರಲ್ಲಿ ಆ ಪ್ರಮಾಣ ಶೇ 11.1. ಈ ಸಾಲನ್ನು ತಮ್ಮನ ಮಗಳು ಓದಿದಾಗ ನಾನು ಸ್ವಲ್ಪ ಹೊತ್ತು ನಿಲ್ಲಿಸು ಎಂದೆ. ಇಂಥ ಅಧ್ಯಯನಗಳು ಒಟ್ಟು ಜನರ ಬಗ್ಗೆ ಹೇಳುತ್ತವೆ, ಒಬ್ಬರ ಸಾವಿಗೆ ಕಾರಣ ಹೇಳುವುದಿಲ್ಲ, ಗಮನಿಸಿ ಲೆಕ್ಕ ಹಾಕಿದ್ದೆಲ್ಲ ಕಾರ್ಯಕಾರಣವೂ ಆಗುವುದಿಲ್ಲ ಎಂಬ ಎಚ್ಚರ ನನಗಿದೆ. ಅಷ್ಟರಮಟ್ಟಿಗೆ ಲೆಕ್ಕಪತ್ರ ನೋಡಿ ಬಾಳಿದವನು ನಾನು.

ಸೆಪ್ಸಿಸ್ ವಿಷಯದಲ್ಲಿ ಮಾತ್ರ ಸರ್ಕಾರವೊಂದು ಏನು ಮಾಡಬಹುದು ಎಂಬುದಕ್ಕೆ ನೇರ ಉದಾಹರಣೆಯೇ ಇದೆ. 2012ರಲ್ಲಿ ನ್ಯೂಯಾರ್ಕಿನಲ್ಲಿ ರೋರಿ ಸ್ಟಾಂಟನ್ ಎಂಬ ಹನ್ನೆರಡು ವರ್ಷದ ಹುಡುಗ, ರೋಗ ಸಕಾಲದಲ್ಲಿ ಪತ್ತೆಯಾಗದೆ ಸೆಪ್ಸಿಸ್‌ನಿಂದ ತೀರಿಕೊಂಡ. ತಂದೆತಾಯಿ ಸುಮ್ಮನಿರಲಿಲ್ಲ. 2013ರಲ್ಲಿ ಆ ರಾಜ್ಯ ಸರ್ಕಾರ, ಪ್ರತಿ ಆಸ್ಪತ್ರೆಯೂ ಸೆಪ್ಸಿಸ್ ಗುರುತಿಸಿ ಚಿಕಿತ್ಸೆ ನೀಡುವ ಲಿಖಿತ ಕ್ರಮ ಪಾಲಿಸಬೇಕು, ಅದರ ವಿವರವನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂದು ನಿಯಮ ಮಾಡಿತು. ಆ ವಿವರಗಳನ್ನೇ ಆಧರಿಸಿ 149 ಆಸ್ಪತ್ರೆಗಳ 49,331 ರೋಗಿಗಳ ಅಧ್ಯಯನ 2017ರಲ್ಲಿ ಬಂತು: ರಕ್ತ ಪರೀಕ್ಷೆ, ಆಂಟಿಬಯೋಟಿಕ್ ಮುಂತಾದ ಮೂರು ಗಂಟೆಯೊಳಗೆ ಮುಗಿಯಬೇಕಾದ ಕ್ರಮಗಳು ಒಂದೊಂದು ಗಂಟೆ ತಡವಾದಂತೆಲ್ಲ ಸಾವಿನ ಸಂಭವ ಸುಮಾರು ಶೇ 4ರಷ್ಟು ಏರುತ್ತಿತ್ತು. 2019ರ ಇನ್ನೊಂದು ಅಧ್ಯಯನ, ನಿಯಮದ ನಂತರ ಅಲ್ಲಿ ಸೆಪ್ಸಿಸ್ ರೋಗಿಗಳ ಸಾವು ಶೇ 26.3ರಿಂದ 22ಕ್ಕೆ ಇಳಿದದ್ದನ್ನೂ, ಹೋಲಿಕೆಗೆ ತೆಗೆದುಕೊಂಡ ಬೇರೆ ರಾಜ್ಯಗಳಿಗಿಂತ ಆ ಇಳಿಕೆ ಹೆಚ್ಚಾಗಿದ್ದುದನ್ನೂ ದಾಖಲಿಸಿತು. ನನ್ನ ಅಕ್ಕನಿಗೆ ಮೊದಲ ಬಾಗಿಲಿನಿಂದ ಮೊದಲ ಆಂಟಿಬಯೋಟಿಕ್‌ವರೆಗೆ ಆದದ್ದು ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಔಷಧವೇನೂ ದುಬಾರಿಯಲ್ಲ, ಬಿಲ್ಲು ನನ್ನ ಬಳಿ ಇದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಈ ದೂರು ಡ್ಯೂಟಿ ಡಾಕ್ಟರುಗಳ ಮೇಲಲ್ಲ. ಮೊದಲ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಒಬ್ಬರೇ ಯುವ ವೈದ್ಯರು, ಅವರ ಮುಂದೆ ಬೈಕ್ ಅಪಘಾತದ ಇಬ್ಬರು, ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ, ಬರೆಸಲು ನಿಂತ ಪೊಲೀಸರು, ಫಿಟ್ಸ್ ಬಂದ ಒಂದು ಮಗು. ನಾನೂ ಒಮ್ಮೆ ದನಿ ಏರಿಸಿದೆ, ಈಗ ನಾಚಿಕೆಯಾಗುತ್ತದೆ. ಸರದಿ ಯಾವ ಲೆಕ್ಕದಲ್ಲಿ ನಡೆಯುತ್ತಿದೆ ಎಂದು ತಿಳಿಯದೆ ಬಾಗಿಲಲ್ಲಿ ನಿಂತವರಿಗೆ ತಲೆ ಕೆಡುತ್ತದೆ. ವೈದ್ಯರ ಮೇಲೆ ಹಲ್ಲೆಯಾಯಿತು ಎಂಬ ಸುದ್ದಿಗಳ ಹಿಂದೆ ಹಲವು ಸಲ ಇಂಥದ್ದೇ ಒಂದು ಗಂಟೆ ಇದ್ದೀತು ಎಂದು ನನಗೆ ಅನ್ನಿಸುತ್ತದೆ.

ಸರದಿಗೆ ಲೆಕ್ಕ ಕೊಡುವ ವಿದ್ಯೆಗೆ ವೈದ್ಯರು ಟ್ರಯೇಜ್ ಎನ್ನುತ್ತಾರೆ. ಬಂದವರೆಲ್ಲರನ್ನೂ ಮೊದಲ ಕೆಲವು ನಿಮಿಷಗಳಲ್ಲಿ ನೋಡಿ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವುದು. ದೆಹಲಿಯ ಏಮ್ಸ್ ತನ್ನದೇ ಕ್ರಮ ರೂಪಿಸಿಕೊಂಡಿದೆ. ದಕ್ಷಿಣ ಆಫ್ರಿಕಾದ ವೈದ್ಯರು ರೂಪಿಸಿದ ಕ್ರಮ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದು ಹಣವಿಲ್ಲದ ಆಸ್ಪತ್ರೆಗಳಿಗೆಂದೇ ಮಾಡಿದ್ದು: ಉಸಿರಾಟದ ವೇಗ, ನಾಡಿ, ರಕ್ತದೊತ್ತಡ, ಜ್ವರ, ರೋಗಿ ಎಚ್ಚರವಾಗಿದ್ದಾನೆಯೇ, ನಡೆಯಬಲ್ಲನೇ, ಗಾಯವಿದೆಯೇ, ಇಷ್ಟಕ್ಕೆ ಅಂಕ ಕೊಟ್ಟು ಕೂಡಿದರೆ ಬಣ್ಣ ಗೊತ್ತಾಗುತ್ತದೆ. ವೈದ್ಯರೇ ಬೇಕಿಲ್ಲ, ತರಬೇತಾದ ಒಬ್ಬ ಶುಶ್ರೂಷಕಿ ಸಾಕು. ಉಸಿರು ಎಣಿಸಲು ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಅಕ್ಕನ ಉಸಿರನ್ನು ಮೊದಲ ಎಪ್ಪತ್ತೈದು ನಿಮಿಷ ಯಾರೂ ಎಣಿಸಲಿಲ್ಲ. ರಕ್ತ ಕಾಣುತ್ತಿದ್ದವರ ನಡುವೆ, ಮೈಮೇಲೆ ಒಂದು ಗೀರೂ ಇಲ್ಲದೆ ಮಂಕಾಗಿ ಕೂತ ಮುದುಕಿ ಹಿಂದೆ ಉಳಿದಳು.

ಆದರೆ ಬಾಗಿಲಿನಲ್ಲಿ ವಿಂಗಡಿಸಿದ ಮಾತ್ರಕ್ಕೆ ಒಳಗಿನ ಇಕ್ಕಟ್ಟು ಬಿಡುವುದಿಲ್ಲ. ನೆಗಡಿ ಕೆಮ್ಮಿಗೂ ಜನ ತುರ್ತು ವಿಭಾಗಕ್ಕೆ ನುಗ್ಗುತ್ತಾರೆ, ಅದಕ್ಕೇ ಈ ಪಾಡು ಎಂಬ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಸಂಶೋಧನೆ ಹೇಳುವುದು ಬೇರೆ. ದಟ್ಟಣೆಗೆ ದೊಡ್ಡ ಕಾರಣ ಒಳಬರುವವರಲ್ಲ, ದಾಖಲಾಗಬೇಕೆಂದು ತೀರ್ಮಾನವಾದ ಮೇಲೂ ವಾರ್ಡಿನಲ್ಲಿ ಜಾಗವಿಲ್ಲದೆ ಅಲ್ಲೇ ಉಳಿದುಬಿಡುವವರು. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿನಿಂದ ಬಸ್ಸು ಹೊರಡದಿದ್ದರೆ ಒಳಬರುವ ಬಸ್ಸುಗಳು ರಸ್ತೆಯ ತನಕ ಸಾಲು ನಿಲ್ಲುತ್ತವೆ. ಬಂದ ಬಸ್ಸಿಗೆ ಬೈದು ಏನು ಪ್ರಯೋಜನ? ನೀತಿ ಆಯೋಗ ಮತ್ತು ಏಮ್ಸ್ ಸೇರಿ ದೇಶದ ನೂರು ಆಸ್ಪತ್ರೆಗಳನ್ನು ಪರಿಶೀಲಿಸಿ 2021ರಲ್ಲಿ ಹೊರತಂದ ವರದಿಯಂತೆ, ತುರ್ತು ವಿಭಾಗದ ಹಾಸಿಗೆಗಳು ಒಟ್ಟು ಹಾಸಿಗೆಗಳ ಶೇ 3ರಿಂದ 5 ಮಾತ್ರ. ಆ ಕಿರಿದಾದ ಜಾಗದಲ್ಲಿ ವಾರ್ಡಿನ ರೋಗಿಗಳನ್ನೂ ಇಟ್ಟುಕೊಂಡರೆ ಹೊಸಬರನ್ನು ಎಲ್ಲಿ ಮಲಗಿಸುವುದು? ಅಂದು ರಾತ್ರಿ ಖಾಲಿ ಸ್ಟ್ರೆಚರ್ ಇಲ್ಲದೆ, ರೋಗಿಯನ್ನು ತಮ್ಮ ಸ್ಟ್ರೆಚರಿನಲ್ಲೇ ಇಟ್ಟುಕೊಂಡು ಆಂಬುಲೆನ್ಸ್ ಸಿಬ್ಬಂದಿ ನಿಂತಿದ್ದರು. ಅಷ್ಟು ಹೊತ್ತು ಆ ಗಾಡಿ ಇನ್ನಾರ ಕರೆಗೂ ಸಿಗಲಾರದು.

ಅಮೆರಿಕದ ಸ್ಟೋನಿ ಬ್ರೂಕ್ ಆಸ್ಪತ್ರೆಯವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. ತುರ್ತು ವಿಭಾಗ ತುಂಬಿ ತುಳುಕಿದಾಗ, ದಾಖಲಾತಿಗೆ ಕಾದಿರುವವರನ್ನು ಒಂದೊಂದು ವಾರ್ಡಿನ ಹಜಾರಕ್ಕೆ ಒಬ್ಬಿಬ್ಬರಂತೆ ಹಂಚುವುದು. ಒಂದೇ ಕಡೆ ಇಪ್ಪತ್ತು ಜನ ನರಳುವ ಬದಲು ಭಾರ ಇಡೀ ಆಸ್ಪತ್ರೆಯ ಮೇಲೆ ಬೀಳುತ್ತದೆ, ಬಿದ್ದಾಗ ಹಾಸಿಗೆಗಳೂ ಬೇಗ ಬಿಡುವಾಗುತ್ತವೆ. ಅಲ್ಲಿನ ರೋಗಿಗಳನ್ನೇ ಕೇಳಿದಾಗ, ತುರ್ತು ವಿಭಾಗದ ಹಜಾರಕ್ಕಿಂತ ವಾರ್ಡಿನ ಹಜಾರವೇ ಮೇಲು ಎಂದವರೇ ಹೆಚ್ಚು. ಹಾಸಿಗೆ ಬಿಡುವಾಗುವ ಬಗೆಯನ್ನೂ ನಾನು ಕಣ್ಣಾರೆ ಕಂಡೆ. ಅಕ್ಕನನ್ನು ವಾರ್ಡಿಗೆ ತಂದ ದಿನ ಪಕ್ಕದ ಹಾಸಿಗೆಯ ಹೆಂಗಸಿಗೆ ಬೆಳಗಿನ ರೌಂಡ್ಸಿನಲ್ಲೇ ಮನೆಗೆ ಹೋಗಬಹುದು ಎಂದಿದ್ದರು. ಡಿಸ್ಚಾರ್ಜ್ ಸಮ್ಮರಿಗೆ ಒಂದು ಸಹಿ ಬೀಳುವವರೆಗೆ, ಸಂಜೆ ನಾಲ್ಕರ ತನಕ, ಆಕೆ ಚೀಲ ಕಟ್ಟಿಕೊಂಡು ಹಾಸಿಗೆಯ ಮೇಲೇ ಕೂತಿದ್ದರು. ಕೆಳಗಡೆ ಸ್ಟ್ರೆಚರುಗಳ ಸಾಲು ಹಾಗೆಯೇ ಇತ್ತು.

ಇನ್ನು ರೆಫರ್ ಮಾಡುವ ವಿಷಯ. ಈ ಪತ್ರವನ್ನು ಇಬ್ಬರು ಸಚಿವರಿಗೆ ಬರೆಯಲು ಅದೇ ಕಾರಣ. ಜಯನಗರ, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಆಸ್ಪತ್ರೆಗಳು ಆರೋಗ್ಯ ಇಲಾಖೆಯವು, ವಿಕ್ಟೋರಿಯಾ, ಬೌರಿಂಗ್, ಜಯದೇವ ವೈದ್ಯಕೀಯ ಶಿಕ್ಷಣ ಇಲಾಖೆಯ ವ್ಯಾಪ್ತಿಯವು, ನಿಮ್ಹಾನ್ಸ್ ಕೇಂದ್ರದ್ದು, ಉಳಿದವು ಖಾಸಗಿ. ರೋಗಿ ಒಂದು ಇಲಾಖೆಯ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಹೋಗುವ ದಾರಿಯಲ್ಲಿ ಅವನ ಹೊಣೆ ಯಾರದ್ದೂ ಅಲ್ಲ. ಕಾನೂನಿನ ಕೊರತೆಯಿಂದ ಹೀಗಾಗಿಲ್ಲ. ಗಾಯಾಳುವಿನ ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಹಕೀಂ ಶೇಖ್ ಎಂಬ ಕೂಲಿಕಾರನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಕಳುಹಿಸಿದ ಪ್ರಕರಣದಲ್ಲಿ, 1996ರ ತೀರ್ಪು ಅದನ್ನು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಅಷ್ಟಕ್ಕೇ ನಿಲ್ಲದೆ, ಹಾಸಿಗೆ ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ರೋಗಿಯನ್ನು ಕೂಡಲೇ ಕಳುಹಿಸಲು ಒಂದು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು ಎಂದೂ, ಉಳಿದ ರಾಜ್ಯಗಳೂ ಇದನ್ನು ಗಮನಿಸಿ ಕ್ರಮ ಕೈಗೊಳ್ಳಬೇಕು ಎಂದೂ ಹೇಳಿತು. ಆಗ ಮೊಬೈಲ್ ಫೋನು ಶ್ರೀಮಂತರ ವಸ್ತು. ಇಂದು ಬೆಂಗಳೂರಿನಲ್ಲಿ ತರಕಾರಿ ಹತ್ತು ನಿಮಿಷದಲ್ಲಿ ಮನೆಗೆ ಬರುತ್ತದೆ, ಬರುವವನು ಯಾವ ತಿರುವಿನಲ್ಲಿದ್ದಾನೆ ಎಂಬುದೂ ಪರದೆಯ ಮೇಲೆ ಕಾಣುತ್ತದೆ.

ಇಂಥ ವ್ಯವಸ್ಥೆ ನಮ್ಮಿಂದ ಆಗದ ಕೆಲಸವೂ ಅಲ್ಲ. ಕೋವಿಡ್ ಕಾಲದಲ್ಲಿ ಸಾಮಾನ್ಯ ಹಾಸಿಗೆ, ಎಚ್‌ಡಿಯು (ಐಸಿಯುಗಿಂತ ಒಂದು ಹಂತ ಕೆಳಗಿನ ನಿಗಾ ಘಟಕ), ಐಸಿಯು, ವೆಂಟಿಲೇಟರ್ ಎಷ್ಟೆಷ್ಟು ಎಂದು ಸರ್ಕಾರಿ, ಖಾಸಗಿ ಆಸ್ಪತ್ರೆಗಳನ್ನು ಸೇರಿಸಿ ಪಾಲಿಕೆ ಒಂದೇ ಜಾಲತಾಣದಲ್ಲಿ ತೋರಿಸಿತ್ತು. ಅದರಲ್ಲಿ ಅಕ್ರಮದ ಆರೋಪಗಳೂ ಬಂದವು, ಮರೆತಿಲ್ಲ. ಆದರೆ ಅಕ್ರಮಕ್ಕೆ ಮದ್ದು ಬಿಗಿಯಾದ ಲೆಕ್ಕ, ಲೆಕ್ಕವನ್ನೇ ಕೈಬಿಡುವುದಲ್ಲ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಕೂಡಲೇ ನೋಡಿ ಹೇಳುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ರೋಗಿಗೆ ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಅದಕ್ಕಾಗಿ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ. ಎದೆನೋವಿಗೆ ಇರುವ ಈ ಏರ್ಪಾಡು ಉಸಿರಾಟದ ತೊಂದರೆಗೆ, ನಂಜಿಗೆ, ತಲೆಗೆ ಬಿದ್ದ ಪೆಟ್ಟಿಗೆ ಏಕಿರಬಾರದು?

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ತುರ್ತು ವಿಭಾಗಕ್ಕೆ ಬಂದ ಪ್ರತಿ ರೋಗಿಯ ಚೀಟಿಯಲ್ಲಿ ನಾಲ್ಕು ಸಮಯಗಳನ್ನು ಬರೆಯುವುದು ಕಡ್ಡಾಯವಾಗಲಿ: ಬಂದದ್ದು, ವೈದ್ಯರು ನೋಡಿದ್ದು, ದಾಖಲಿಸಬೇಕೆಂದು ಅಥವಾ ಕಳುಹಿಸಬೇಕೆಂದು ತೀರ್ಮಾನಿಸಿದ್ದು, ವಿಭಾಗದಿಂದ ಹೊರಹೋದದ್ದು. ಇದಕ್ಕೆ ಹೊಸ ತಂತ್ರಾಂಶ ಬರುವ ತನಕ ಕಾಯಬೇಡಿ, ರಬ್ಬರ್ ಸ್ಟಾಂಪು ಮತ್ತು ಪೆನ್ನು ಸಾಕು. ಹಗಲೂ ರಾತ್ರಿ ಬಾಗಿಲಲ್ಲಿ ವಿಂಗಡಣೆಗೆಂದೇ, ಬೇರೆ ಕೆಲಸ ಹೇಳದ, ಒಬ್ಬ ಶುಶ್ರೂಷಕಿ ಇರಲಿ. ಸ್ವೀಕರಿಸುವ ಆಸ್ಪತ್ರೆಯ ಹೆಸರು, ಒಪ್ಪಿದ ವೈದ್ಯರ ಹೆಸರು, ಒಪ್ಪಿದ ಸಮಯ ಇಲ್ಲದ ರೆಫರ್ ಚೀಟಿ ಸಿಂಧುವಲ್ಲ ಎಂದು ಎರಡೂ ಇಲಾಖೆಗಳು ಜಂಟಿಯಾಗಿ ಆದೇಶಿಸಲಿ, ಆ ಒಪ್ಪಿಗೆ ಕೊಡಿಸುವ ಒಂದು ಕೊಠಡಿ 108ರ ಜತೆಗೂಡಿ ಕೆಲಸ ಮಾಡಲಿ, ಖಾಸಗಿ ಆಸ್ಪತ್ರೆಗಳೂ ಅದಕ್ಕೆ ಬದ್ಧವಾಗಲಿ. ಕಾದಿರುವ ರೋಗಿಗಳ ಭಾರ ವಾರ್ಡುಗಳಿಗೂ ಹಂಚಿಕೆಯಾಗಲಿ. ತಿಂಗಳಿಗೊಮ್ಮೆ ಪ್ರತಿ ಆಸ್ಪತ್ರೆಯ ಅಂಕಿಗಳು ಅದರ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಲಿ.

ಕೊನೆಯ ಕೋರಿಕೆಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾಲ್ಕು ಗಂಟೆಯೊಳಗೆ ರೋಗಿಯ ವಿಲೇವಾರಿಯಾಗಬೇಕು ಎಂಬ ಗುರಿಯನ್ನು ಇಂಗ್ಲೆಂಡ್ ಎರಡು ದಶಕಗಳ ಹಿಂದೆಯೇ ಇಟ್ಟುಕೊಂಡಿತು. ಕಾಯುವ ಸಮಯವೇನೋ ಇಳಿಯಿತು. ಆದರೆ ನಾಲ್ಕನೆಯ ಗಂಟೆಯ ಕಡೆಯ ನಿಮಿಷಗಳಲ್ಲೇ ರೋಗಿಗಳು ದಂಡಿಯಾಗಿ ಹೊರಹೋಗುವುದು ಅಂಕಿಗಳಲ್ಲಿ ಕಂಡಿತು. ಮಿಡ್ ಸ್ಟಾಫರ್ಡ್‌ಷೈರ್ ಆಸ್ಪತ್ರೆಯ ಬಗ್ಗೆ 2013ರಲ್ಲಿ ಬಂದ ವಿಚಾರಣಾ ವರದಿ, ಗುರಿ ಮುಟ್ಟುವ ಭರದಲ್ಲಿ ರೋಗಿಯೇ ಮರೆತುಹೋಗುವುದನ್ನು ಎತ್ತಿ ತೋರಿಸಿತು. ನಮ್ಮ ಕಚೇರಿಗಳಲ್ಲೂ ಮಾರ್ಚ್ ಕೊನೆಯ ವಾರ ಕಡತಗಳು ಹೇಗೆ ಓಡುತ್ತವೆ ಎಂಬುದನ್ನು ಬಲ್ಲವನು ನಾನು. ಆದ್ದರಿಂದ ಈ ಸಮಯಗಳನ್ನು ಹಿಡಿದು ಒಬ್ಬ ಡ್ಯೂಟಿ ಡಾಕ್ಟರಿಗೋ ಶುಶ್ರೂಷಕಿಗೋ ನೋಟಿಸ್ ಕೊಡುವುದು ಬೇಡ. ಕೊಟ್ಟರೆ ಮರುದಿನದಿಂದಲೇ ಸುಳ್ಳು ಸಮಯಗಳು ದಾಖಲಾಗುತ್ತವೆ. ಅಂಕಿ ಕೆಟ್ಟಿದ್ದರೆ ಅಲ್ಲಿಗೆ ಇನ್ನೊಬ್ಬ ವೈದ್ಯರು ಬೇಕೋ, ಹಾಸಿಗೆ ಬೇಕೋ, ಬೆಳಗ್ಗೆಯೇ ಬೀಳುವ ಸಹಿ ಬೇಕೋ ಎಂದು ತಾವು ಕೇಳಿ ತಿಳಿಯುವಂತಾಗಲಿ.

ಸ್ಟಾಂಪಿನ ನಮೂನೆಯನ್ನೂ, ವಹಿಯ ಅಂಕಣಗಳನ್ನೂ ನಾನೇ ಗೆರೆ ಹಾಕಿ ಸಿದ್ಧಪಡಿಸಿ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಒಂದು ತಿಂಗಳು ಪ್ರಯೋಗಕ್ಕೆ ಅನುಮತಿ ಕೊಟ್ಟರೆ, ರಾತ್ರಿ ಪಾಳಿಯಲ್ಲಿ ಬಾಗಿಲ ಬಳಿ ಕೂತು ಬಂದವರ ಸಮಯ ಬರೆದುಕೊಳ್ಳಲು ಸಂಬಳವಿಲ್ಲದೆ ಬರಲು ನಾನೂ ನನ್ನ ಇಬ್ಬರು ನಿವೃತ್ತ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ. ತಮ್ಮ ಕಚೇರಿಯಲ್ಲಿ ಈ ಪತ್ರಕ್ಕೆ ಬೀಳುವ ಆವಕ ಸಂಖ್ಯೆಯನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ನೌಕರ
ಹನುಮಂತನಗರ, ಬೆಂಗಳೂರು